ಒಂದು ಹಲ್ಲು

ಡಬ್ಬಿಯ ಮೇಲೆ ಕಂಪನಿಯ ಹೆಸರಿಲ್ಲ.
ಒಂದು ಸಿಂಹದ ಚಿತ್ರ, ಕೆಳಗೆ ದಿಲ್ಲಿಯ ಯಾವುದೋ ಗಲ್ಲಿ.
ಒಳಗೆ ಎಣ್ಣೆಕಾಗದದಲ್ಲಿ ಸುತ್ತಿದ ಆಯಿಲ್ ಪಂಪು,
ಪಕ್ಕದಲ್ಲಿ ಟೈಮಿಂಗ್ ಚೈನು, ಜಡೆ ಹೆಣೆದು ಮಲಗಿಸಿದ ಹಾಗೆ.
ಒರಿಜಿನಲ್ಲಿಗೆ ಹನ್ನೊಂದು ಸಾವಿರ, ಇದಕ್ಕೆ ನಾಲ್ಕೂವರೆ
ಅಂದಾಗ ಹಾಲೇಶಿ ಕೇಳಿದ್ದು ಒಂದೇ ಮಾತು:
'ಹೊನ್ನಾಳಿ ಟ್ರಿಪ್ ತಡೀತೈತೋ ಇಲ್ಲೋ ಅಷ್ಟೇ ಹೇಳು ಕೊಟ್ರೇಶಿ.'

ತಡೀತೈತಿ. ಅಳೆದು ನೋಡಿದ್ದೇನೆ,
ಗೇರಿಗೂ ಗೋಡೆಗೂ ನಡುವೆ ಗೇಜಿನ ಎಲೆ ತೂರಿಸಿ,
ಸ್ಪ್ರಿಂಗನ್ನು ಹೆಬ್ಬೆರಳಲ್ಲಿ ಒತ್ತಿ,
ಅಂಚಿನಲ್ಲಿ ಸಿಕ್ಕ ಸಿಬಿರನ್ನು ಅರದಿಂದ ಉಜ್ಜಿ.
ಹೆಸರಿಲ್ಲದ ಮಾಲಿಗೆ ಇಷ್ಟು ಮಾಡಬೇಕು;
ಹೆಸರಿದ್ದದ್ದಕ್ಕೂ ಮಾಡಬೇಕು, ಯಾರೂ ಮಾಡುವುದಿಲ್ಲ.

ಹಳೇ ಪಿ.ಬಿ. ರಸ್ತೆಯ ಧೂಳು ಒಳಗೆ ಬಾರದಂತೆ
ಶಟರು ಅರ್ಧ ಇಳಿಸಿದ್ದೇನೆ.
ಹೊರಗೆ ಸ್ಟೂಲಿನ ಮೇಲೆ ದಾದಾಪೀರ್ ಉಸ್ತಾದರು,
ತೊಡೆಯ ಮೇಲೆ ಪೇಪರು, ಪೇಪರಿನ ಮೇಲೆ ಮಂಡಕ್ಕಿ.
ಮೆಣಸಿನಕಾಯಿ ಬಾಯಿ ಸೇರುವಷ್ಟರಲ್ಲಿ
ಎರಡು ಸಲ ಗಲ್ಲಕ್ಕೆ ತಾಗುತ್ತದೆ.
ಕೈ ನಡುಗಲು ಶುರುವಾಗಿ ಮೂರು ವರ್ಷ ಅನ್ನುತ್ತಾರೆ.
ಸ್ಪ್ಯಾನರ್ ಹಿಡಿಯುವುದಿಲ್ಲ; ಕಿವಿ ಮಾತ್ರ ಡ್ಯೂಟಿಗೆ ಬರುತ್ತದೆ.
ರಸ್ತೆಯಲ್ಲಿ ಹಾದ ಗಾಡಿ ಕೇಳಿ 'ಮೂರನೇ ಇಂಜೆಕ್ಟರ್' ಅನ್ನುತ್ತಾರೆ,
ಯಾರಿಗೂ ಅಲ್ಲ, ಮಂಡಕ್ಕಿಗೆ.

ಮುಂದಿನ ಕವರು ಬಿಚ್ಚಿದೆ.
ರಟ್ಟಿನ ಮೇಲೆ ಎಂಜಿನ್ನಿನ ಚಿತ್ರ ಬರೆದು, ತೂತು ಕೊರೆದು,
ಒಂದೊಂದು ಬೋಲ್ಟನ್ನೂ ಅದರದರ ಜಾಗಕ್ಕೆ ಚುಚ್ಚಿಟ್ಟೆ,
ಅವರು ಕಲಿಸಿದಂತೆ.
ಹಳೇ ಚೈನು ಸಡಿಲ ಉಡಿದಾರದ ಹಾಗೆ ಜೋತುಬಿದ್ದಿತ್ತು.
ಗೈಡಿನ ಪ್ಲಾಸ್ಟಿಕ್ಕು ಚೂರುಚೂರಾಗಿ ಕೆಳಗೆ,
ಜಾಲರಿಯ ಬಾಯಿ ಕಟ್ಟಿದ ಕಪ್ಪು ಕೆಸರು.
ಪಂಪು ಸತ್ತದ್ದು ಬಾಯಾರಿ.

ಆಮೇಲೆ, ಕ್ಯಾಮಿನ ಗಾಲಿಯ ಮೇಲೆ ಒಂದು ಚುಕ್ಕೆ.
ಕೆಂಪು. ನೇಲ್ ಪಾಲಿಶ್.

ಈ ಊರಲ್ಲಿ ನೇಲ್ ಪಾಲಿಶಿನ ಗುರುತು ಹಾಕುವವರು ಒಬ್ಬರೇ.
ಬೀಬಿಜಾನಮ್ಮನ ಶೀಶೆ ಕದ್ದು ಟೂಲ್ ಪೆಟ್ಟಿಗೆಯಲ್ಲಿಟ್ಟು
ಬೈಸಿಕೊಂಡದ್ದನ್ನು ಕಂಡವನು ನಾನು.
ಕಂಪನಿಯ ಗೀಟಿನಿಂದ ಚುಕ್ಕೆಯವರೆಗೆ ಎಣಿಸಿದೆ.
ಟಾರ್ಚು ಬಾಯಲ್ಲಿ ಕಚ್ಚಿ, ಬೆರಳಿಟ್ಟು, ಮತ್ತೆ ಎಣಿಸಿದೆ.
ಒಂದು ಹಲ್ಲು ಹಿಂದೆ.

ಚೈನು ಹಿಗ್ಗಿದರೆ ಗುರುತು ಜಾರುತ್ತದೆ, ಗೊತ್ತು.
ಜಾರಿದರೆ ಅರ್ಧ ಹಲ್ಲು. ಇಡೀ ಹಲ್ಲಲ್ಲ.
ಇದೇ ಒಂದು ಹಲ್ಲಿಗೆ ಹದಿನಾರನೇ ವಯಸ್ಸಲ್ಲಿ
ನನ್ನ ಕೆನ್ನೆ ಊದಿತ್ತು:
'ಹಲ್ಲು ತಪ್ಪಿದ್ರೆ ವಾಲ್ವು ಪಿಸ್ಟನ್ನಿಗೆ ಮುತ್ತು ಕೊಡ್ತೈತಿ ಮಗನೇ,
ಆ ಮುತ್ತಿಗೆ ರೊಕ್ಕ ಕೊಡೋರ್ಯಾರು?'

ಈ ಗಾಡಿ ಮಾತ್ರ ತಪ್ಪಿದ ಹಲ್ಲಿನಲ್ಲೇ ಓಡಿದೆ.
ಹರಿಹರ, ಜಗಳೂರು, ಮದುವೆ ದಿಬ್ಬಣ, ನಡುರಾತ್ರಿಯ ಹೆರಿಗೆ,
ಚಳಿಯ ಬೆಳಗಿಗೆ ಸ್ಟಾರ್ಟಾಗದೆ ಮುನಿದು,
'ಇದರ ಗುಣಾನೇ ಹಂಗೆ' ಅಂತ ಹಾಲೇಶಿ ಬಾನೆಟ್ಟು ಸವರಿ.
ತಾರೀಖು ಲೆಕ್ಕ ಹಾಕಿದೆ. ಐದು ವರ್ಷ.
ನಡುಕ ಆಗಲೇ ಇತ್ತೇನೋ,
ನಾವು ಯಾರೂ ನೋಡಿರಲಿಲ್ಲ.

ಹೊಸ ಚೈನಿನ ಬಣ್ಣದ ಕೊಂಡಿಯನ್ನು ಗೀಟಿಗೆ ಕೂಡಿಸಿದೆ.
ಪಂಪಿನ ಬಾಯಿಗೆ ಮೊದಲು ಎಣ್ಣೆ ಕುಡಿಸಿದೆ;
ಒಣಗಂಟಲಲ್ಲಿ ಯಾರನ್ನೂ ಕೆಲಸಕ್ಕೆ ಹಚ್ಚಬಾರದು.
ಟೆನ್ಷನರ್ ಪಿನ್ನು ಎಳೆದಾಗ 'ಟಕ್'.
ಕೈಯಿಂದಲೇ ಎರಡು ಸುತ್ತು, ಉಸಿರು ಬಿಗಿಹಿಡಿದು.
ಎಲ್ಲೂ ತಾಗಲಿಲ್ಲ.

ಕವರು ಮುಚ್ಚಿ, ಗಮ್ಮು ಒಣಗಿ, ಸಂಜೆ ಕೀ ತಿರುಗಿಸಿದೆ.
ಎಣ್ಣೆಯ ಕೆಂಪು ದೀಪ
ಒಂದು, ಎರಡು, ಮೂರು
ಆರಿತು.

ಶಟರಿನ ಆಚೆ ಮಂಡಕ್ಕಿ ಅಗಿಯುವ ಸದ್ದು ನಿಂತಿತು.
'ಇದು ಮೊದಲು ಹಿಂಗೆ ಮಾತಾಡ್ತಿರಲಿಲ್ಲ' ಅಂದರು.
'ಏನಿತ್ತು ಒಳಗೆ?'

ಥಿನ್ನರ್ ಬಟ್ಟೆ ಇನ್ನೂ ನನ್ನ ಕೈಯಲ್ಲಿತ್ತು,
ಒಂದು ಉಗುರಿನಷ್ಟು ಕೆಂಪಾಗಿ.
'ಚೈನು ಹಿಗ್ಗಿತ್ತು ಉಸ್ತಾದ್.'

ಬಹಳ ಹೊತ್ತು ಎಂಜಿನ್ ಕೇಳಿದರು.
ಆಮೇಲೆ, ನನ್ನ ಕಡೆ ನೋಡದೆ,
'ಎಷ್ಟು?'