ಎರಡು ದಶಮಾಂಶ ಆರು ಒಂದು

ಸೇಜ್‌ವೆಲ್ ಪಟ್ಟಣಸಭೆ, ಐಡಾಹೋ. ಮಂಗಳವಾರ ಸಂಜೆ ಏಳು.
ಹೀಟರು ಕೆಮ್ಮುತ್ತಿದೆ. ಹಾಜರಿ ಬರೆದುಕೊಂಡೆ:
ಸದಸ್ಯರು ಐವರು, ನಾಗರಿಕರು ಮೂವತ್ತೊಂದು,
ಬಾಯ್ಸಿಯಿಂದ ಬಂದ ಲೆಕ್ಕಿಗ ಒಬ್ಬ, ಯೋಡರ್ ಅಂತ,
ಬೂಟಿನ ಹಿಮ ಇನ್ನೂ ಕರಗಿಲ್ಲ.
ನಾನು ಗುಮಾಸ್ತೆ. ಇಪ್ಪತ್ತೆರಡು ವರ್ಷದಿಂದ
ಈ ಊರು ಆಡಿದ್ದನ್ನೆಲ್ಲ ಟೈಪು ಮಾಡಿದ್ದೇನೆ.
ಆಡದ್ದಕ್ಕೆ ಕಾಲಂ ಇಲ್ಲ.

ಒಂದು ಹೊಸ ಮನೆ, ಎನ್ನುತ್ತಾನೆ ಯೋಡರ್,
ಗೋಡೆಯ ಮೇಲೆ ಪಟ್ಟಿ ಬೆಳಗಿಸಿ,
ಅಂದರೆ ಎರಡು ದಶಮಾಂಶ ಆರು ಒಂದು ಜನ.
ದಿನಕ್ಕೆ ಒಂಬತ್ತೂವರೆ ಸಲ ಕಾರಿನ ಓಡಾಟ,
ಇಷ್ಟು ಗ್ಯಾಲನ್ ಒಳಗೆ, ಇಷ್ಟು ಹೊರಗೆ,
ಪಾರ್ಕಿನ ಹುಲ್ಲು ಇಷ್ಟು ಚದರಡಿ,
ಅಗ್ನಿಶಾಮಕದ ಏಣಿಯಲ್ಲಿ ಒಂದು ಮೆಟ್ಟಿಲಿನ ಕಾಲು ಭಾಗ.
ಕೂಡಿದರೆ ಹನ್ನೊಂದು ಸಾವಿರದ ನಾನೂರ ಆರು ಡಾಲರ್,
ಪರವಾನಗಿ ಕೊಡುವ ದಿನವೇ ವಸೂಲಿ.
ಅವನ ದನಿಯಲ್ಲಿ ಸುಳ್ಳಿಲ್ಲ. ಹಸಿವೂ ಇಲ್ಲ.
ಊರಿಗೆ ಬಂದವಳು ನೀರಿಗೂ ಬರುತ್ತಾಳೆ:
ಅಷ್ಟನ್ನೇ ಎಂಬತ್ತು ಪುಟದಲ್ಲಿ ಹೇಳಿದ್ದಾನೆ.

ಡೊಮಿಂಗೊ ಉರ್ಕಿಡಿ ಎದ್ದು ನಿಂತ, ಟೋಪಿ ಕೈಯಲ್ಲಿ.
ಅವನ ಕುರಿದೊಡ್ಡಿ ಉರಿದ ರಾತ್ರಿ
ಬೆಂಕಿಯ ಲಾರಿ ಬರಲು ಹತ್ತೊಂಬತ್ತು ನಿಮಿಷ;
ನೀರು ಬಂದಾಗ ಬೂದಿಗೆ ಸ್ನಾನ.
ಹೊಸಬರು ತರಲಿ ತಮ್ಮ ಏಣಿ, ಎಂದ,
ತರಲಿ ತಮ್ಮ ಕೊಳವೆ. ಹಾಗೇ ಆ ದುಡ್ಡಿನಲ್ಲಿ
ಮೂರನೇ ಬೀದಿಯ ಸೋರುವ ಪೈಪನ್ನೂ—
ಆಗುವುದಿಲ್ಲ, ಎಂದ ಯೋಡರ್, ಬಹಳ ಮೆತ್ತಗೆ.
ಹೊಸಬರ ದುಡ್ಡು ಹೊಸಬರ ಹೊರೆಗೆ ಮಾತ್ರ. ಕಾನೂನು.
ಹಳೆಯ ತೂತು ಹಳಬರದ್ದು.
ಉರ್ಕಿಡಿ ಕೂತ. ಟೋಪಿ ಹಾಕಿಕೊಂಡ.

ಆಮೇಲೆ ಯೆಸೆನಿಯಾ ಬರಾಗಾನ್.
ಶಾಲೆಯ ಬಸ್ಸು ಓಡಿಸುತ್ತಾಳೆ; ಬಸ್ಸಿನ ತನಕ ಬರಲಿಕ್ಕೇ
ಕತ್ತಲಲ್ಲಿ ನಲವತ್ತನಾಲ್ಕು ಮೈಲಿ ಓಡಿಸುತ್ತಾಳೆ.
ಈ ಹನ್ನೊಂದು ಸಾವಿರ ಬಿಲ್ಡರ್ ಕೊಡುವುದಲ್ಲ, ಎಂದಳು.
ಅಡಿಗೆಮನೆಯ ಟೈಲ್ಸಿನ ಕೆಳಗೆ ಅದನ್ನು ಹೂತಿಟ್ಟು
ಮೂವತ್ತು ವರ್ಷದ ಕಂತಿನಲ್ಲಿ ನನಗೆ ಮಾರುತ್ತಾನೆ.
ನಿಮ್ಮ ಅರವತ್ತೆರಡು ಮಕ್ಕಳನ್ನು
ಮಂಜುಗಟ್ಟಿದ ಇಳಿಜಾರಿನಲ್ಲಿ ಇಳಿಸುತ್ತೇನಲ್ಲ,
ಅದು ಯಾವ ಪುಟದಲ್ಲಿದೆ? ನಾನೂ ಈ ಊರಿಗೆ—

ಮೂರು ನಿಮಿಷ.
ಗಂಟೆ ಒತ್ತಿದವಳು ನಾನೇ.

ಅಪ್ಪ ಇಲ್ಲಿ ಮನೆ ಕಟ್ಟಿದಾಗ
ಕೇಳಿದ್ದು ನಾಲ್ಕು ಡಾಲರ್, ಒಂದು ಸಹಿ.
ಮಿಕ್ಕಿದ್ದನ್ನು ಕೊಟ್ಟವರು ಯಾರು?
ಕಡತದ ಕೋಣೆಯಲ್ಲಿ ಒಮ್ಮೆ ಹುಡುಕಿದ್ದೆ.
ಚರಂಡಿಗೆಂದು ಎತ್ತಿದ ಸಾಲ, ನಲವತ್ತು ವರ್ಷದ್ದು,
ಒಪ್ಪಿ ಮತ ಹಾಕಿದವರು ಇನ್ನೂರ ಎಂಟು.
ಸಾಲ ತೀರುವ ಹೊತ್ತಿಗೆ ಅರ್ಧ ಮಂದಿ ತೀರಿದ್ದರು.
ನಮ್ಮನ್ನು ಯಾವ ಪಟ್ಟಿಯಲ್ಲಿ ಎಣಿಸಿದ್ದರೋ, ಎಣಿಸಿಯೇ ಇರಲಿಲ್ಲವೋ.

ಮೂರಕ್ಕೆ ಎರಡು. ಶುಲ್ಕ ಅಂಗೀಕಾರ.
ಸಾವಿರದ ನೂರು ಚದರಡಿಗಿಂತ ಚಿಕ್ಕ ಮನೆಗೆ ಅರ್ಧ,
ಕೊನೆಯ ಗಳಿಗೆಯಲ್ಲಿ ಯಾರೋ ಸೇರಿಸಿದರು.
ಅಂಥ ಮನೆ ಯಾರಾದರೂ ಕಟ್ಟುತ್ತಾರೆಯೇ,
ಕೇಳಲಿಲ್ಲ ಯಾರೂ. ಯೋಡರ್ ವೈರು ಸುತ್ತಿಕೊಂಡ.
ಯೆಸೆನಿಯಾ ಆಗಲೇ ಹೊರಟಿದ್ದಳು,
ಬೆಳಿಗ್ಗೆ ನಾಲ್ಕಕ್ಕೆ ಏಳಬೇಕು.

ನಡಾವಳಿಯಲ್ಲಿ ಒಬ್ಬರಿಗೆ ಒಂದೇ ಸಾಲು, ನಿಯಮ.
'ಯೆ. ಬರಾಗಾನ್, ವಿರೋಧಿಸಿ ಮಾತನಾಡಿದರು.'
ಟೈಪು ಮಾಡಿ, ಅಳಿಸಿ, ಮತ್ತೆ ಅದನ್ನೇ ಟೈಪು ಮಾಡಿದೆ.

ಮನೆಗೆ ಬಂದೆ. ಸೊನ್ನೆಗಿಂತ ಹದಿನೆಂಟು ಕೆಳಗೆ.
ಎರಡು ದಶಮಾಂಶ ಆರು ಒಂದರಲ್ಲಿ
ಇಲ್ಲಿ ಇರುವುದು ಒಂದು; ತಟ್ಟೆ ಒಂದು, ಕಾರು ದಿನಕ್ಕೆ ಎರಡೇ ಸಲ.
ಕೊಳವೆ ಹೆಪ್ಪುಗಟ್ಟದಿರಲೆಂದು
ಈ ಊರಲ್ಲಿ ಎಲ್ಲರೂ ಮಾಡುವಂತೆ
ನಲ್ಲಿಯನ್ನು ಕೂದಲೆಳೆಯಷ್ಟು ಬಿಟ್ಟು ಮಲಗಿದೆ.

ರಾತ್ರಿಯಿಡೀ ತೊಟ್ಟಿಕ್ಕುತ್ತದೆ.
ನೆಲಮಾಳಿಗೆಯ ಮೀಟರು
ಇನ್ನೂ ಯಾರೋ ಎಚ್ಚರವಿದ್ದಾರೆಂದು ಬರೆದುಕೊಳ್ಳುತ್ತದೆ.