ಸವಕಲು

ಆಟೋ ಕಾಂಪ್ಲೆಕ್ಸಿನ ಮೂರನೇ ಸಾಲಿನಲ್ಲಿ ನನ್ನ ಲೇತು.
ಟ್ರ್ಯಾಕ್ಟರಿನ ಬುಷ್ಷು, ಪಂಪಿನ ಶಾಫ್ಟು, ಆಲೆಮನೆಯ ಗಾಣದ ಹಲ್ಲು,
ಇವು ಗೊತ್ತು ನನಗೆ.
ಅವಳು ತಂದದ್ದು ಗೊತ್ತಿರಲಿಲ್ಲ:
ಒಂದೂವರೆ ಮೊಳದ ಪಟ್ಟಿ ಎರಡು,
ತಲೆಗೊಂದು ಬಾಲಕ್ಕೊಂದು ಗಾಲಿ.
"ಇಟಲಿಯದು, ಡೇನಿಯಲಣ್ಣ. ಸ್ಪೇರು ತರಿಸಿದರೆ ನನ್ನ ಮೂರು ತಿಂಗಳ ಊಟ ಹೋಯ್ತು.
ನೈಲಾನಿನಲ್ಲಿ ಕಡೆದು ಕೊಡು."

"ಎಂತಕ್ಕೆ ಇದು?"
"ಹಿಮದ ರೇಸಿಗೆ. ಹಿಮವಿಲ್ಲದಲ್ಲಿ ಓಡೋಕೆ."
ಹೊರಗೆ ಮಾರ್ಚಿನ ಬಿಸಿಲು ಸಾಗರ ರಸ್ತೆಯ ಡಾಂಬರು ಬೇಯಿಸುತ್ತಿತ್ತು.
ನಾನು ನಗಲಿಲ್ಲ.
ನಕ್ಕವನ ಅಂಗಡಿಗೆ ಮತ್ತೆ ಬರುವ ಮುಖವಲ್ಲ ಅದು.

ಹೆಸರು ಹೇಮ.
ಪಾಲಿಕೆಯವರು ಶಾಲು ಹೊದಿಸಿ ಕೊಟ್ಟ ಫಲಕದಲ್ಲಿ
ಏತ್ವದ ಜಾಗಕ್ಕೆ ಗುಡಿಸು ಬಿದ್ದು ಹಿಮ ಎಂದಾಗಿದೆ.
ತಿದ್ದಿಸಲಿಲ್ಲ.
"ಬಂದದ್ದು ಕಂಚು. ಚಿನ್ನ ಹೆಸರಲ್ಲಾದರೂ ಯಾಕೆ?"

ನಸುಕಿನ ನಾಲ್ಕೂವರೆಗೆ ಗಾಜನೂರಿನ ರಸ್ತೆ.
ಕೈಗೆರಡು ಕೋಲು, ಹಣೆಗೊಂದು ದೀಪ.
ತೀರ್ಥಹಳ್ಳಿಯ ಮೊದಲ ಬಸ್ಸಿನ ಡ್ರೈವರು ಹಾರನ್ ಹೊಡೆಯುವುದನ್ನು ಬಿಟ್ಟಿದ್ದಾನೆ.
ಸಕ್ರೆಬೈಲಿನ ಆನೆಗಳಂತೂ ಮೊದಲ ದಿನವೇ ದಾರಿ ಬಿಟ್ಟವು.
ನಾಯಿಗಳು ಮಾತ್ರ ಬಿಡಲಿಲ್ಲ.
"ನನಗಿರೋ ಕೋಚು ಅವೇ" ಅಂತಾಳೆ,
"ಸಂಬಳ ಕೇಳಲ್ಲ, ನಿಧಾನವಾದರೆ ಕಚ್ಚುತ್ತವೆ."

ಗಾಲಿ ಕಡೆಯುವಷ್ಟು ಹೊತ್ತೂ ಫೋನಿನಲ್ಲಿ ರೇಸು.
ಹೀಗೆ ನನಗೂ ಅವರೆಲ್ಲ ಬಳಕೆಯಾದರು:
ಹೊರಡುವ ಮುನ್ನ ಮೂರು ಸಲ ಕೈಗವಸು ಬಿಚ್ಚಿ ತೊಡುವ ಚಿಕ್ಕ ಹುಡುಗಿ,
ಸೋತ ದಿನ ಮೇಣ ಹಚ್ಚಿದವನ ಮೇಲೆ ಹಾರಾಡಿ
ಗೆದ್ದ ದಿನ ಅವನ ಹೆಸರೇ ಮರೆಯುವ ಗಡ್ಡದವ,
ಹಸು ಕರೆದು ಕೈ ತೊಳೆದು ಬಂದವಳಂತೆ ನಿಲ್ಲುವ,
ನಿವೃತ್ತಿ ಯಾವಾಗ ಎಂದರೆ ಕಿವಿ ಕೇಳದ, ನಲವತ್ತು ದಾಟಿದ ಹೆಂಗಸು.
ಗೆರೆ ದಾಟಿದೊಡನೆ ಎಲ್ಲರೂ ಬೀಳುತ್ತಾರೆ.
ಗೆದ್ದವರೂ ಕೊನೆಯವರೂ ಒಂದೇ ಭಂಗಿ,
ದಾರದಿಂದ ಜಾರಿದ ಅಂಗಿಗಳ ಹಾಗೆ.

"ನೀನೆಷ್ಟನೆಯವಳು?"
"ಎಂಬತ್ತೇಳು."
"ಎಷ್ಟು ಜನದಲ್ಲಿ?"
"ತೊಂಬತ್ತೊಂದು."
ನಾನು ಬಾಯಿ ಮುಚ್ಚಿದೆ. ಅವಳು ಮುಚ್ಚಲಿಲ್ಲ:
"ಹಿಂದಿದ್ದ ನಾಲ್ವರ ಹೆಸರೂ ಗೊತ್ತು ನನಗೆ.
ಅವರೂರಲ್ಲೂ ಹಿಮವಿಲ್ಲ."

ಒಂದು ದಿನ ಕೇಳಿದೆ, ಹೇಗಿರುತ್ತೆ ಅದು.
ಬಿಳಿ ಅನ್ನಲಿಲ್ಲ, ತಣ್ಣಗೆ ಅನ್ನಲಿಲ್ಲ.
"ಸದ್ದು, ಡೇನಿಯಲಣ್ಣ.
ಸೊನ್ನೆಯ ಹತ್ತಿರ ಒದ್ದೆ ಚಾಪೆ ಎಳೆದ ಸದ್ದು.
ಮೈನಸ್ ಹದಿನೈದಕ್ಕೆ,
ಎಣ್ಣೆ ಮುಗಿದಾಗ ನಿನ್ನ ಲೇತು ಕಿರುಚುತ್ತಲ್ಲ,
ಹಾಗೆ."

ಮಾತು ಏನೇ ಹೇಳಲಿ, ಸವಕಲು ಸುಳ್ಳು ಹೇಳುವುದಿಲ್ಲ.
ಸೆಪ್ಟೆಂಬರಿನಲ್ಲಿ ತಂದ ಗಾಲಿಗಳನ್ನು ಕ್ಯಾಲಿಪರಿಗೆ ಹಿಡಿದೆ.
ಎಡಗಾಲಿನವು ಒಳಗಂಚಿನಲ್ಲಿ ಒಂದೂವರೆ ಮಿಲಿಮೀಟರು ಹೋಗಿವೆ.
ಬಲದವು ನಾನು ಕೊಟ್ಟ ಹಾಗೇ ಇವೆ.
"ಬಲ ಮಂಡಿ?"
"ಸರಿಯಿದೆ."
"ಡಾಕ್ಟರಿಗೆ ಹಾಗನ್ನು. ನಾನು ಮೂವತ್ತು ವರ್ಷದಿಂದ ಸವೆದದ್ದನ್ನೇ ಓದುತ್ತಿದ್ದೇನೆ."
ಕಿತ್ತುಕೊಂಡು ಹೊರಟಳು.
ಸಿಟ್ಟಿನಲ್ಲಿ ಒಂದು ಗಾಲಿ ಬೆಂಚಿನ ಮೇಲೇ ಉಳಿಯಿತು.

ನಾಲ್ಕು ದಿನ ಅದನ್ನು ನೋಡುತ್ತಾ ಶಾಫ್ಟು ಕಡೆದೆ.
ಐದನೇ ದಿನ ಬಂದು ಆಯಿಲ್ ಡಬ್ಬದ ಮೇಲೆ ಕೂತಳು,
ಬಲಗಾಲು ನೀಡಿಕೊಂಡು.
"ಜನವರಿ ತನಕ ತಡೆದರೆ ಸಾಕು."
ಗಾಲಿಯೋ ಮಂಡಿಯೋ, ನಾನು ಕೇಳಲಿಲ್ಲ.

ನೈಲಾನು ಚಕ್ಕಿಗೆ ಕಚ್ಚಿಸಿದೆ.
ಹೆರೆ ಸುರುಳಿ ಸುರುಳಿಯಾಗಿ ಇಳಿದು
ನೀಡಿದ ಕಾಲಿನ ಚಪ್ಪಲಿ ಮುಚ್ಚಿತು. ಅವಳು ಕೊಡವಲಿಲ್ಲ.
ದುಡ್ಡು ಆಮೇಲೆ ಅಂದಳು, ಯಾವಾಗಲೂ ಅನ್ನುವಂತೆ.

ಬಾಕಿ ಪುಸ್ತಕದಲ್ಲಿ ಬರೆದುಕೊಂಡೆ:
ಗಾಲಿ ನಾಲ್ಕು, ಇನ್ನೂರ ನಲವತ್ತು.
ಹೆಸರಿನ ಹಕಾರಕ್ಕೆ ಏತ್ವ,
ಪಕ್ಕದಲ್ಲೊಂದು ದೀರ್ಘ,
ಒತ್ತಿ.