ಮರ್

ಮಿಲ್ವಾಕೀ. ಫೆಬ್ರವರಿ. ಫಾಂಡ್ ದು ಲ್ಯಾಕ್ ರಸ್ತೆಯ
ಪ್ರೂವಿಟ್ ಟೈರ್ ಅಂಗಡಿಯ ಷಟರು ಮೊಣಕಾಲೆತ್ತರ ತೆರೆದಿದೆ.
ಸಂದಿಯಿಂದ ನುಗ್ಗುವ ಸರೋವರದ ಗಾಳಿ
ನನ್ನ ಹಿಮ್ಮಡಿಯನ್ನೇ ಹುಡುಕಿಕೊಂಡು ಬರುತ್ತದೆ.
ಮೇಲಿನ ಕಪಾಟಿನಲ್ಲಿ, ಬ್ರೇಕ್ ಎಣ್ಣೆಯ ಡಬ್ಬಿಗಳ ನಡುವೆ,
ಒಂದು ಕಡೆ ಹರಿದ ಸ್ಪೀಕರು.
ಮೂರು ವಾರದಿಂದ ಅದರ ಬಾಯಲ್ಲಿ ಅದೊಂದೇ:
ಪಾರ್ಸನ್ ಬ್ಲೂನ ‘ಉಪ್ಪಿನ ಲಾರಿ’.

ಹದಿನಾಲ್ಕು ಹಾಡು. ಪತ್ರಿಕೆಯವರು ಐದಕ್ಕೆ ಐದು ನಕ್ಷತ್ರ ಕೊಟ್ಟು
ಕೈ ತೊಳೆದುಕೊಂಡರು.
ನಮಗೆ ಅಷ್ಟು ಸುಲಭವಲ್ಲ.
ನಮಗವನು ಪಾರ್ಸನ್ನೂ ಅಲ್ಲ, ಬ್ಲೂವೂ ಅಲ್ಲ,
ಇದೇ ಅಂಗಡಿಯಲ್ಲಿ ಎರಡು ಬೇಸಿಗೆ ನಟ್ಟು ಬಿಚ್ಚಿದ ಸೆಡ್ರಿಕ್.
ಬಿಚ್ಚಿದ್ದನ್ನು ಒಂದು ದಿನವೂ ಎಣಿಸಿ ಇಟ್ಟವನಲ್ಲ:
ಇದು ಮಾಲೀಕ ಒಡೆಲ್‌ನ ವಿಮರ್ಶೆ,
ಹದಿನಾಲ್ಕೂ ಹಾಡಿಗೆ ಸೇರಿಸಿ.

ಜವಾರಿಸ್‌ಗೆ ನಾಲ್ಕನೆಯದು ಸಾಕು.
ಆ ಬೇಸಿಗೆ ಕಾರಿನ ನಂಬರ್ ಪ್ಲೇಟೇ ನಡುಗುತ್ತೆ ಮಾರಾಯ,
ಮೇಲೆ ಮಾತು ಬೇರೆ ಯಾಕೆ?
ಶಾಲಾ ಬಸ್ಸಿನ ವರ್ನೀಸ್‌ಗೆ ಮಾತೇ ಬೇಕು.
ಆರನೆಯದರಲ್ಲಿ ಅಮ್ಮನ ಗ್ಯಾಸ್ ಬಿಲ್ಲು ಓದ್ತಾನಲ್ಲ,
ಬರೀ ಬಿಲ್ಲು, ಪ್ರಾಸವೂ ಇಲ್ಲ, ತಾರೀಖು, ಬಾಕಿ, ದಂಡ,
ಖಾಲಿ ಬಸ್ಸು ನಿಲ್ಲಿಸಿಕೊಂಡು ಕೂತುಬಿಟ್ಟೆ,
ಹಿಂದಿನವರ ಹಾರ್ನು ಕೇಳಿಸಲೇ ಇಲ್ಲ.
ಹಳೇ ಗಿರಾಕಿ ಫೆಂಗ್ ಲೋರ್ ಮಾತ್ರ
ಮೊದಲನೆಯದೇ ಚೆನ್ನಾಗಿತ್ತು ಅನ್ನುತ್ತಾನೆ.
ಅವನು ತನ್ನ ಹಲ್ಲಿನ ಬಗ್ಗೆಯೂ ಹಾಗೇ ಅನ್ನುವವನು.

ಜಗಳ ಹತ್ತುವುದು ಹನ್ನೊಂದನೆಯದಕ್ಕೆ.
ಯಾವುದೋ ಹಳೇ ತಟ್ಟೆಯಿಂದ ಎತ್ತಿದ ಹುಡುಗಿಯೊಬ್ಬಳ ದನಿ,
ಬಿರುಸು ಮಾಡಿ, ಪದದ ನಡುವಿಗೇ ಕತ್ತರಿ ಹಾಕಿ:
ಮರ್.
ಮತ್ತೆ, ಮರ್.
ಎಂಬತ್ತೆಂಟು ಸಲ. ಫೆಂಗ್ ಎಣಿಸಿದ್ದಾನೆ.

ಮರ್ಡರ್, ಅಂದ ಜವಾರಿಸ್. ಮುಂದೆ ಏನೂ ಅನ್ನಲಿಲ್ಲ.
ಹೋದ ಜುಲೈ ಅವನ ಬೀದಿಯಲ್ಲೇ; ನಾವೂ ಕೇಳಲಿಲ್ಲ.
ಮರ್ಸಿಡಿಸ್, ಅಂದ ಒಡೆಲ್. ಈಗ ಓಡಿಸೋದು ಅದನ್ನೇ,
ಟೈರು ಮಾತ್ರ ಇನ್ನೆಲ್ಲೋ ಹಾಕಿಸ್ತಾನೆ.
ಮರ್ಸಿ ಕಣ್ರೋ, ಕರುಣೆ, ಅಂದಳು ವರ್ನೀಸ್,
ಚರ್ಚಿನ ಮೆಟ್ಟಿಲು ಹತ್ತಿದ್ದರೆ ತಿಳೀತಿತ್ತು.
ನನಗೆ ಪದವೇ ಬೇಕಿರಲಿಲ್ಲ.
ನಟ್ಟು ಕೊನೆಯ ಸುತ್ತಿಗೆ ಬಿಗಿದು
ಇನ್ನು ತಿರುಗೆನು ಅನ್ನುವಾಗಿನ ಸದ್ದು ಅದು,
ಅಷ್ಟೆ.

ಅದೇ ಹೊತ್ತಿಗೆ ಷಟರಿನಡಿ ತೂರಿತು ಮೊದಲು ಊರುಗೋಲು,
ಆಮೇಲೆ ಒಡೆಲ್‌ನ ತಾಯಿ ಅರ್ಮೀಲಿಯಾ,
ಕೈಯಲ್ಲಿ ಬೇಯಿಸಿದ ಸೊಪ್ಪಿನ ಡಬ್ಬಿ.
ಎಪ್ಪತ್ತೊಂಬತ್ತು ವರ್ಷ. ಬಗ್ಗಿದವರು ಅರ್ಧಕ್ಕೇ ನಿಂತರು.
ಹಿಂದಕ್ಕೆ ಹಾಕು, ಅಂದರು.
ಹಾಕಿದೆ.
ಇನ್ನೂ ಹಿಂದಕ್ಕೆ.

ಅದು ನಾನು.

ಅರವತ್ತಾರರ ಈಸ್ಟರು, ಚರ್ಚಿನ ನೆಲಮಾಳಿಗೆ,
ಹದಿನೇಳು ಜನಕ್ಕೆ ಒಂದೇ ಮೈಕು.
ನಾನೂರು ತಟ್ಟೆ ಮಾಡಿಸಿದ್ದರು,
ಮುನ್ನೂರು ಪಾದ್ರಿಯ ಗ್ಯಾರೇಜಿನಲ್ಲೇ ಉಳಿದವು.
ಪದ ಮರ್ಸಿಯೇ. (ವರ್ನೀಸ್ ಮೂಗು ಮೇಲೆತ್ತಿದಳು.)
ಆದರೆ ಆ ಹುಡುಗ ಕತ್ತರಿಸಿದ್ದಲ್ಲ, ನಾನೇ ನಿಂತದ್ದು.
ಆಗ ನನಗೆ ಆರು ತಿಂಗಳು. ನಿಲುವಂಗಿಯ ಒಳಗೆ
ಯಾರಿಗೂ ಹೇಳದೆ ಹೊತ್ತಿದ್ದೆ.
‘ಮರ್’ ಅನ್ನುವಷ್ಟರಲ್ಲಿ ಒಳಗಿಂದ ಒಂದು ಒದೆತ.
ಉಸಿರೇ ಹಾರಿತು.
ಉಳಿದರ್ಧ ಪದವನ್ನು
ಹದಿನಾರು ಜನ ಎತ್ತಿಕೊಂಡು ಹೋದರು.

ಟೈರಿಗೆ ಗಾಳಿ ತುಂಬುವ ಯಂತ್ರ ತಾನಾಗಿ ನಿಂತಿತು.
ಒಡೆಲ್ ಕೈ ಒರೆಸಿಕೊಂಡ.
ನಾನಾ, ಅಂದ.
ನೀನೆಲ್ಲಿ, ನಿನ್ನಕ್ಕ. ಟಲ್ಸಾದಲ್ಲಿ ಇದ್ದಾಳಲ್ಲ,
ಅವಳಿಗೆ ಈ ರ್‍ಯಾಪು ಗೀಪು ಆಗಿಬರಲ್ಲ.

ಹಾಡು ಹೇಗಿದೆ ಅಂತ ಕೇಳಿದವನು ಫೆಂಗ್.
ಡಬ್ಬಿಯ ಮುಚ್ಚಳ ತೆಗೆಯುತ್ತ ಯೋಚಿಸಿದರು.
ಅವಳು ಒದ್ದದ್ದು ಒಂದೇ ಸಲ.
ಇವನು ಎಂಬತ್ತೆಂಟು ಸಲ ಒದೆಸಿದ್ದಾನೆ.
ಅಷ್ಟು ಬೇಕಿರಲಿಲ್ಲ.
ತಿನ್ನಿ, ಆರಿಹೋಗ್ತದೆ.